ಹಳದಿಯೂ ನಿಜ, ಸೊನ್ನೆಯೂ ನಿಜ: ಸರ್ಜಾಪುರದ ಕಡೆಯ ಒಂದು ಮನೆಯ ಈಜುಕೊಳದಲ್ಲಿ ಕ್ಲೋರಿನ್ ಹೋದ ದಾರಿ

ಯಜಮಾನರ ಡೈರಿಯಲ್ಲಿ 2024ರ ಅಕ್ಟೋಬರ್ 10ರ ಪುಟದಲ್ಲಿ ಹೀಗೆ ಬರೆದಿತ್ತು: "ನಿನ್ನೆ ಸಂಜೆ 10 ಲೀಟರ್ ಕ್ಲೋರಿನ್ ಸುರಿದೆ. ಇವತ್ತು ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಕಮ್ಮಿ!!" ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿ ರಿಟೈರ್ ಆದವರು. ಜಮಾ ಮಾಡಿದ ಮೇಲೆ ಬಾಕಿ ಇಳಿಯೋದು ಅಂದರೆ ಅವರಿಗೆ ನಿದ್ದೆ ಕೆಡಿಸುವ ವಿಷಯ.

ನಾನು ಹನ್ನೊಂದು ವರ್ಷದಿಂದ ಮನೆಗಳ ಈಜುಕೊಳದ ನೀರು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. "ಕ್ಲೋರಿನ್ ನಿಲ್ತಾ ಇಲ್ಲ" ಅನ್ನೋ ದೂರು ವಾರಕ್ಕೊಂದಾದರೂ ಬರುತ್ತದೆ. ಮುಕ್ಕಾಲು ಪಾಲು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಇದು ಹದಿನೇಳು ದಿನ ಎಳೆಯಿತು. ಅದರಲ್ಲಿ ಐದು ದಿನ ಹಾಳಾಗಿದ್ದು ನನ್ನ ಅವಸರದಿಂದ.

ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್. ಓವರ್‌ಫ್ಲೋ ಮಾದರಿ. ಅಂಚಿನಿಂದ ತುಳುಕಿದ ನೀರು ಜಾಲರಿ ಕೆಳಗಿನ ಕಾಲುವೆಗೆ ಇಳಿದು, ಪಂಪ್ ರೂಮಿನ ಪಕ್ಕ ನೆಲದಡಿ ಇರುವ ಬ್ಯಾಲೆನ್ಸಿಂಗ್ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಸ್ಯಾಂಡ್ ಫಿಲ್ಟರ್ ದಾಟಿ ಮತ್ತೆ ಕೊಳಕ್ಕೆ. ಎಲ್ಲಾ ಸೇರಿ ಸುಮಾರು 50,000 ಲೀಟರ್. ಲೆಕ್ಕಕ್ಕೆ ಇದು ಬಹಳ ಸುಲಭದ ಅಂಕಿ: 1 ಪಿಪಿಎಂ (ಅಂದರೆ ಲೀಟರಿಗೆ 1 ಮಿಲಿಗ್ರಾಂ) ಏರಿಸಬೇಕಾದರೆ 50 ಗ್ರಾಂ ಕ್ಲೋರಿನ್ ಬೇಕು. 10 ಪರ್ಸೆಂಟ್ ಲಿಕ್ವಿಡ್ ಕ್ಲೋರಿನ್ ಆದರೆ ಅರ್ಧ ಲೀಟರ್.

2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಬೋರ್‌ವೆಲ್ ಬತ್ತಿದವು, ಟ್ಯಾಂಕರ್‌ಗೆ ಕ್ಯೂ. ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಎಂದು ಆದೇಶ ಹೊರಡಿಸಿತು, ಮೀರಿದರೆ 5,000 ರೂಪಾಯಿ ದಂಡ. ಇವರು ಕೊಳಕ್ಕೆ ಟಾರ್ಪಾಲು ಹೊದಿಸಿ, ಪಂಪ್ ಆಫ್ ಮಾಡಿ, ಹಾಗೇ ಬಿಟ್ಟರು. ತುಂಬಿದ್ದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ತಪ್ಪೇನಿಲ್ಲ, ನಾನಾಗಿದ್ದರೂ ಚೆಲ್ಲುತ್ತಿರಲಿಲ್ಲ. ತೆಗೆದದ್ದು ಸೆಪ್ಟೆಂಬರ್ ಕೊನೆಗೆ. ದೀಪಾವಳಿಗೆ ಮೊಮ್ಮಕ್ಕಳು ಬರುವವರಿದ್ದರು.

ಅಕ್ಟೋಬರ್ 14, ಸೋಮವಾರ. ಹಬ್ಬದ ರಜೆ ಮುಗಿದ ಮೊದಲ ದಿನ ನಾನು ಹೋದೆ. ನೀರು ಹಾಲು ಬೆರೆಸಿದ ಹಾಗೆ ಮಸುಕು, ಅಂಚಿನಲ್ಲಿ ತೆಳು ಹಸಿರು. ಹನಿ ಎಣಿಸಿ ಕ್ಲೋರಿನ್ ಅಳೆಯುವ ನನ್ನ ಡ್ರಾಪ್ ಕಿಟ್‌ನಲ್ಲಿ ನೋಡಿದೆ, ಫ್ರೀ ಕ್ಲೋರಿನ್ (ಇನ್ನೂ ಕೆಲಸಕ್ಕೆ ಬರುವ ಕ್ಲೋರಿನ್) ಸೊನ್ನೆ. ಪಂಪ್ ರೂಮಿನಲ್ಲಿ ಕ್ಲೋರಿನ್ ಕ್ಯಾನ್ ಕಿಟಕಿ ಪಕ್ಕ ಬಿಸಿಲಿಗೆ ಕೂತಿತ್ತು. ಅದಕ್ಕೆ ತಾಗಿಕೊಂಡೇ ಆಸಿಡ್ ಕ್ಯಾನ್. ಮೊದಲು ಆಸಿಡ್ ಎತ್ತಿ ಹೊರಗೆ ದೂರ ಇಟ್ಟೆ. ಅವೆರಡೂ ಸೋರಿ ಒಂದಕ್ಕೊಂದು ಸೇರಿದರೆ ಬರುವ ಗ್ಯಾಸ್ ಆ ಸಣ್ಣ ರೂಮಿನಲ್ಲಿ ಜೀವ ತೆಗೆಯಬಹುದು. ಇದನ್ನು ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ, ಮುಂದಿನ ಸಲ ಹೋದರೆ ಮತ್ತೆ ಪಕ್ಕಪಕ್ಕ ಇರುತ್ತವೆ.

ಲಿಕ್ವಿಡ್ ಕ್ಲೋರಿನ್ ಶಾಖಕ್ಕೆ ಬೇಗ ಸಪ್ಪೆ ಆಗುತ್ತದೆ. ಅದನ್ನು ನೋಡೋಕೆ ನನ್ನ ಹತ್ತಿರ ಒಂದು ಸರಳ ಉಪಾಯ ಇದೆ. ಸೀಲ್ ಒಡೆಯದ 20 ಲೀಟರ್ ಕುಡಿಯುವ ನೀರಿನ ಕ್ಯಾನ್ ತಗೊಳ್ಳೋದು. ಸಿರಿಂಜ್‌ನಲ್ಲಿ 2 ಮಿಲಿಲೀಟರ್ ಕ್ಲೋರಿನ್ ಹಾಕಿ ಚೆನ್ನಾಗಿ ಕುಲುಕೋದು. ಕ್ಲೋರಿನ್ ನಿಜವಾಗಿ 10 ಪರ್ಸೆಂಟ್ ಇದ್ದರೆ ನೀರಿನಲ್ಲಿ ಹತ್ತಿರ ಹತ್ತಿರ 10 ಪಿಪಿಎಂ ಬರಬೇಕು. ಇಲ್ಲಿ 6 ಬಂತು.

ಸಿಕ್ಕಿತು ಕಳ್ಳ ಅಂದುಕೊಂಡೆ. ಹೊಸ ಕ್ಯಾನ್ ತರಿಸಿ, ನೆರಳಿಗೆ ಇಡಿ ಅಂತ ಹೇಳಿ, ದಿನಕ್ಕೆ 2 ಲೀಟರ್ ಹಾಕಿ ಅಂತ ಬರೆದುಕೊಟ್ಟು ಹೊರಟೆ. ಅದೇ ಹೊತ್ತಿನಲ್ಲಿ ಇನ್ನೊಂದು ಕ್ಯಾನ್‌ಗೆ ಕೊಳದ ನೀರು ತುಂಬಿ ಅದೇ 2 ಮಿಲಿಲೀಟರ್ ಹಾಕಿದ್ದರೆ ಕಥೆ ಅಲ್ಲೇ ತಿರುಗುತ್ತಿತ್ತು. ಅರ್ಧ ಪರೀಕ್ಷೆ ಮಾಡಿ ಪೂರ್ತಿ ತೀರ್ಪು ಕೊಟ್ಟೆ.

19ನೇ ತಾರೀಖು ಫೋನ್. "ನೋಡಪ್ಪಾ, ನಿನ್ನ ಹೊಸ ಕ್ಯಾನೂ ಅಷ್ಟೇ. ಹಾಕಿದ್ದೆಲ್ಲ ಎಲ್ಲಿ ಹೋಗ್ತಿದೆ?"

ಈ ಸಲ ಹೋಗಿ ಕೂತು ಕೇಳಿಸಿಕೊಂಡೆ. ಆ ಮನೆಯ ಅಮ್ಮ ಕಾಫಿ ಕೊಡುತ್ತಾ ಹಳೇ ಜಗಳದ ಕಥೆ ಹೇಳಿದರು. ನನಗಿಂತ ಮುಂಚೆ ಬರುತ್ತಿದ್ದ ಹುಡುಗನ ಕಿಟ್‌ನಲ್ಲಿ ಗುಲಾಬಿ ಬಣ್ಣ ಬರುತ್ತಲೇ ಇರಲಿಲ್ಲವಂತೆ. "ಕ್ಲೋರಿನ್ ಸೊನ್ನೆ ಸಾರ್, ನೀವು ಹಾಕ್ತಾನೇ ಇಲ್ಲ" ಅಂತ ಅವನು. "ನಾನೇ ಕೈಯಾರೆ ಹಾಕ್ತಿದೀನಿ, ನನ್ನ ಕಿಟ್‌ನಲ್ಲಿ ಹಳದಿ ಬರ್ತಿದೆ ನೋಡು" ಅಂತ ಇವರು. ಮಾತಿಗೆ ಮಾತು ಬೆಳೆದು ಹುಡುಗ ಕೆಲಸ ಬಿಟ್ಟ. ಹೋಗುವ ಮುಂಚೆ ಒಂದು ಸಲಹೆಯನ್ನೂ ಕೊಟ್ಟಿದ್ದ: ನೀರೆಲ್ಲ ಖಾಲಿ ಮಾಡಿ ಹೊಸದಾಗಿ ತುಂಬಿಸಿ.

ಕಾಫಿ ಲೋಟ ಕೆಳಗಿಟ್ಟೆ. ಹಳದಿ ಬಣ್ಣ ಬರುವ ಆ ಹಳೇ ಮಾದರಿ ಕಿಟ್ ನೀರಿನಲ್ಲಿರುವ ಒಟ್ಟು ಕ್ಲೋರಿನ್ ತೋರಿಸುತ್ತದೆ. ಗುಲಾಬಿ ಬಣ್ಣದ ಕಿಟ್‌ನ ಮೊದಲ ಪುಡಿ ಫ್ರೀ ಕ್ಲೋರಿನ್ ಮಾತ್ರ ತೋರಿಸುತ್ತದೆ, ಅಂದರೆ ಕೆಲಸಕ್ಕೆ ಬಿಡುವಾಗಿರುವ ಕ್ಲೋರಿನ್. ಹಳದಿ ಇದ್ದು ಗುಲಾಬಿ ಇಲ್ಲ ಅಂದರೆ ಕ್ಲೋರಿನ್ ಕೊಳದಲ್ಲೇ ಇದೆ, ಆದರೆ ಇನ್ನೇನಕ್ಕೋ ಅಂಟಿಕೊಂಡು ಕೂತಿದೆ. ಇಬ್ಬರೂ ಸರಿ ಹೇಳುತ್ತಿದ್ದರು. ಸುಮ್ನೆ ಜಗಳ ಆಡಿದರು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮೊದಲ ದಿನ ನಾನು ಫ್ರೀ ನೋಡಿ ನಿಲ್ಲಿಸಿದ್ದೆ, ಎರಡನೇ ಪುಡಿ ಹಾಕಿ ಅಂಟಿಕೊಂಡದ್ದು ಎಷ್ಟು ಅಂತ ನೋಡಿರಲಿಲ್ಲ.

ಈಗ ನೋಡಿದೆ. 10 ಮಿಲಿಲೀಟರ್ ನೀರಿಗೆ ಮೊದಲ ಪುಡಿ. ನೀರು ನೀರಾಗೇ ಉಳಿಯಿತು. ಎರಡನೆಯದನ್ನು ಹಾಕಿದ ತಕ್ಷಣ ದಾಳಿಂಬೆ ರಸದ ಹಾಗೆ ಕೆಂಪಾಯಿತು. ಒಂದೊಂದೇ ಹನಿ ಬಿಡುತ್ತಾ ಕುಲುಕಿದೆ. ಒಂದು ಹನಿಗೆ ಅರ್ಧ ಪಿಪಿಎಂ. ನಾಲ್ಕನೇ ಹನಿಗೆ ಬಣ್ಣ ಹೋಯಿತು. ಫ್ರೀ 0, ಅಂಟಿಕೊಂಡದ್ದು 2.

ಆಮೇಲೆ ಮೂರು ಕ್ಯಾನ್ ಸಾಲಾಗಿ ಇಟ್ಟೆ. ಒಂದರಲ್ಲಿ ಕುಡಿಯುವ ನೀರು, ಒಂದರಲ್ಲಿ ಸಂಪಿನ ನೀರು, ಒಂದರಲ್ಲಿ ಕೊಳದ ನೀರು. ಮೂರಕ್ಕೂ ಹೊಸ ಕ್ಯಾನ್‌ನಿಂದ 2 ಮಿಲಿಲೀಟರ್. ಅರ್ಧ ಗಂಟೆ ನೆರಳಲ್ಲಿ ಬಿಟ್ಟೆ. ಕುಡಿಯುವ ನೀರಿನಲ್ಲಿ ಫ್ರೀ 9.5. ಸಂಪಿನದರಲ್ಲಿ 8.5. ಕೊಳದ ನೀರಿನಲ್ಲಿ ಫ್ರೀ ಸೊನ್ನೆ, ಅಂಟಿಕೊಂಡದ್ದು 11. ಕ್ಲೋರಿನ್ ಸರಿಯಾಗಿದೆ, ತುಂಬಿಸುವ ನೀರೂ ಸರಿಯಾಗಿದೆ. ಬಿಸಿಲಿಲ್ಲ, ಪಂಪಿಲ್ಲ, ಪಾಚಿ ಹಿಡಿದ ಗೋಡೆಯಿಲ್ಲ. ಆದರೂ ಪ್ಲಾಸ್ಟಿಕ್ ಕ್ಯಾನ್ ಒಳಗೆ ಹಾಕಿದ್ದೆಲ್ಲ ಅಂಟಿಕೊಂಡು ಕೂತಿತು. ಇಷ್ಟು ಬೇಗ ಕ್ಲೋರಿನ್ನನ್ನು ಹಿಡಿದುಕೊಳ್ಳೋದು ಅಂದರೆ ಸಾಮಾನ್ಯವಾಗಿ ಅಮೋನಿಯಾ.

ಅಮೋನಿಯಾ ಎಲ್ಲಿಂದ? ನನಗೆ ಮೊದಲು ಅನುಮಾನ ಬಂದದ್ದು ಮಾಲಿ ಮೇಲೆ. ಕೊಳದ ಪಕ್ಕದಲ್ಲೇ ಹುಲ್ಲುಹಾಸು ಇದೆ, ಯೂರಿಯಾ ಎರಚಿ ಮಳೆಗೆ ಕೊಚ್ಚಿ ಬಂದಿರಬಹುದು. ಕೇಳಿದರೆ ಅವನಿಗೆ ಬೇಜಾರಾಯಿತು. "ಯೂರಿಯಾ ಮುಟ್ಟಿ ವರ್ಷ ಆಯ್ತಣ್ಣ. ಬರೀ ಸಗಣಿ ಗೊಬ್ಬರ. ಅದೂ ಆ ಕಡೆ ಪಾತಿಗೆ." ಹುಲ್ಲುಹಾಸಿನ ಇಳಿಜಾರು ನೋಡಿದೆ. ನೀರು ಹೋಗೋದು ಗೇಟಿನ ಕಡೆಗೆ, ಕೊಳದ ಕಡೆಗಲ್ಲ. ಅವನ ಮಾತು ನಿಜ.

ಉತ್ತರ ಇದ್ದದ್ದು ಡೈರಿಯಲ್ಲಿ. ಯಜಮಾನರು ಮೊದಲಿಂದಲೂ ಎಲ್ಲಾ ಬರೆದಿಟ್ಟಿದ್ದರು. ಕೊಳ ಮುಚ್ಚುವ ಮುಂಚೆ, 2024ರ ಫೆಬ್ರವರಿಯಲ್ಲಿ, "ಸ್ಟೆಬಿಲೈಜರ್ 100" ಅಂತ ಒಂದು ಸಾಲು. ಸ್ಟೆಬಿಲೈಜರ್ ಅಂದರೆ ಸಯನ್ಯೂರಿಕ್ ಆಸಿಡ್. ಬಿಸಿಲಿಗೆ ಕ್ಲೋರಿನ್ ಹಾಳಾಗದ ಹಾಗೆ ಕಾಯುವ ವಸ್ತು. ಕ್ಲೋರಿನ್ ಟ್ಯಾಬ್ಲೆಟ್ ಒಳಗೇ ಅದು ಇರುತ್ತದೆ. 200 ಗ್ರಾಂನ ಒಂದು ಟ್ಯಾಬ್ಲೆಟ್ ಕರಗಿದರೆ ಈ ಕೊಳದಲ್ಲಿ ಸ್ಟೆಬಿಲೈಜರ್ ಸುಮಾರು 2 ಪಿಪಿಎಂ ಏರುತ್ತದೆ. ಮೂರು ವರ್ಷ ಟ್ಯಾಬ್ಲೆಟ್ ಹಾಕಿದ್ದರು, 100 ದಾಟಿದ್ದರೂ ಆಶ್ಚರ್ಯ ಇರಲಿಲ್ಲ. ಈ ವಸ್ತು ಆವಿಯಾಗಲ್ಲ, ಫಿಲ್ಟರ್‌ನಲ್ಲಿ ನಿಲ್ಲಲ್ಲ. ನೀರು ಬದಲಾದರೆ ಮಾತ್ರ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಅದರ ಪರೀಕ್ಷೆಯೇ ಒಂದು ಚಂದ. ಉದ್ದನೆ ಗಾಜಿನ ಕೊಳವೆ, ತಳದಲ್ಲಿ ಒಂದು ಕಪ್ಪು ಚುಕ್ಕೆ. ಸ್ಟೆಬಿಲೈಜರ್ ಇದ್ದರೆ ರಾಸಾಯನಿಕ ಬೆರೆಸಿದ ನೀರು ಬೆಳ್ಳಗೆ ಮಸುಕಾಗುತ್ತದೆ. ಮೇಲಿಂದ ನೋಡುತ್ತಾ ಸುರಿಯುತ್ತಾ ಹೋಗಬೇಕು. ಚುಕ್ಕೆ ಎಲ್ಲಿ ಮಾಯವಾಗುತ್ತೋ ಅಲ್ಲಿನ ಗೆರೆ ಓದಬೇಕು. ನಾನು ಕೊಳವೆ ತುಂಬಿ ತುಳುಕುವವರೆಗೆ ಸುರಿದೆ. ಚುಕ್ಕೆ ನನ್ನನ್ನೇ ನೋಡುತ್ತಿತ್ತು. ಅಂದರೆ ಸ್ಟೆಬಿಲೈಜರ್ ಲೆಕ್ಕಕ್ಕೆ ಸಿಗದಷ್ಟು ಕಮ್ಮಿ. 100 ಇದ್ದದ್ದು ಏಳು ತಿಂಗಳಲ್ಲಿ ಮಾಯ. ಕೊಳಕ್ಕೆ ಟಾರ್ಪಾಲು ಹೊದಿಸಿತ್ತು. ಮಳೆ ನೀರು ಸೇರಿ ಅರ್ಧ ನೀರು ಬದಲಾಯಿತು ಅಂತಲೇ ಇಟ್ಟುಕೊಂಡರೂ 50 ಉಳಿಯಬೇಕಿತ್ತು.

ಕ್ಲೋರಿನ್ ಎಲ್ಲಿ ಹೋಯಿತು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಕೇಳಬೇಕಾಗಿದ್ದದ್ದು ಸ್ಟೆಬಿಲೈಜರ್ ಎಲ್ಲಿ ಹೋಯಿತು ಅಂತ. ಕ್ಲೋರಿನ್ ಪೂರ್ತಿ ಮುಗಿದು ನೀರು ನಿಂತಲ್ಲೇ ನಿಂತರೆ ಕೆಲವು ಬ್ಯಾಕ್ಟೀರಿಯಾಗಳು ಸ್ಟೆಬಿಲೈಜರ್ ತಿನ್ನುತ್ತವೆ. ಅದರ ಒಂದೊಂದು ಅಣುವಿನಲ್ಲೂ ಮೂರು ಸಾರಜನಕ ಇದೆ. ತಿಂದು ಬಿಡುವುದು ಅಮೋನಿಯಾ. ಕ್ಲೋರಿನ್ನನ್ನು ಬಿಸಿಲಿಂದ ಕಾಯಬೇಕಾದ ವಸ್ತುವೇ ಅದನ್ನು ಕಟ್ಟಿಹಾಕುವ ವಸ್ತುವಾಗಿ ಬದಲಾಗಿತ್ತು. ಖಾತ್ರಿ ಮಾಡಿಕೊಳ್ಳಲು ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ತೊಟ್ಟಿಗೆ ಅಂತ ಮಾರುವ ಅಮೋನಿಯಾ ಕಿಟ್ ತಂದೆ. ಐದು ನಿಮಿಷದಲ್ಲಿ ನೀರು ಕಡು ಹಸಿರಾಯಿತು. ಬಣ್ಣದ ಪಟ್ಟಿ ಜೊತೆ ಹಿಡಿದರೆ ಸುಮಾರು 3 ಪಿಪಿಎಂ.

ಈಗ ಡೈರಿಯ ಆ ಎರಡು ಆಶ್ಚರ್ಯಸೂಚಕಕ್ಕೂ ಅರ್ಥ ಸಿಕ್ಕಿತು. ಅಮೋನಿಯಾ ಇರುವ ನೀರಿಗೆ ಕ್ಲೋರಿನ್ ಹಾಕಿದರೆ ಮೊದಮೊದಲು ಒಟ್ಟು ಕ್ಲೋರಿನ್ ಏರುತ್ತದೆ, ಎಲ್ಲವೂ ಕ್ಲೋರಮೈನ್ ರೂಪದಲ್ಲಿ, ಅಂದರೆ ಅಮೋನಿಯಾಕ್ಕೆ ಅಂಟಿಕೊಂಡ ಕ್ಲೋರಿನ್ ಆಗಿ. ಕಣ್ಣು ಉರಿಸುವ, ಮೂಗಿಗೆ ಬಡಿಯುವ "ಪೂಲ್ ವಾಸನೆ" ಇದರದ್ದೇ. ಒಂದು ಪಾಲು ಸಾರಜನಕಕ್ಕೆ ಐದು ಪಾಲು ಕ್ಲೋರಿನ್ ಆಗುವವರೆಗೆ ಹೀಗೆ ಏರುತ್ತದೆ. ಅಲ್ಲಿಂದ ಮುಂದೆ ಇನ್ನೂ ಹಾಕಿದರೆ ಆ ಕ್ಲೋರಮೈನೇ ಒಡೆಯಲು ಶುರು. ಆಗ ಹಾಕಿದಷ್ಟೂ ಒಟ್ಟು ಕ್ಲೋರಿನ್ ಇಳಿಯುತ್ತದೆ! ಎಂಟು–ಹತ್ತು ಪಾಲು ದಾಟಿದ ಮೇಲೆ ಅಮೋನಿಯಾ ಮುಗಿದು ಫ್ರೀ ಕ್ಲೋರಿನ್ ನಿಲ್ಲುತ್ತದೆ. ಒಂದು ದಿಬ್ಬ ಹತ್ತಿ ಇಳಿದು ಮತ್ತೆ ಹತ್ತಿದ ಹಾಗೆ. ಯಜಮಾನರು ಅವತ್ತು ಸಿಟ್ಟಲ್ಲಿ 10 ಲೀಟರ್ ಸುರಿದು ದಿಬ್ಬದ ಆ ಕಡೆ ಅರ್ಧ ಇಳಿದು ನಿಂತಿದ್ದರು. ಸುರಿದದ್ದು ವ್ಯರ್ಥ ಆಗಿರಲಿಲ್ಲ, ಅಷ್ಟು ಅಮೋನಿಯಾ ಸುಟ್ಟಿತ್ತು. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. "ಅಂದ್ರೆ ನನ್ನ ಲೆಕ್ಕ ತಪ್ಪಿರಲಿಲ್ಲ ಅಲ್ವಾ?"

ನೀರು ಖಾಲಿ ಮಾಡಿ ಅಂದ ಹುಡುಗನ ಸಲಹೆಯೂ ತಪ್ಪಲ್ಲ. ಅರ್ಧ ನೀರು ಬದಲಿಸಿದರೆ ಅರ್ಧ ಅಮೋನಿಯಾ ಹೋಗುತ್ತಿತ್ತು. ನೀರು ಧಾರಾಳವಾಗಿರುವ ಊರಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ 50,000 ಲೀಟರ್ ಅಂದರೆ ನಾಲ್ಕು ದೊಡ್ಡ ಟ್ಯಾಂಕರ್‌ಗಿಂತ ಜಾಸ್ತಿ. ಆ ಬೇಸಿಗೆ ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಆ ವಾರ ಬೆಂಗಳೂರಿನಲ್ಲಿ ಮಳೆ ಬಿಡಲೇ ಇಲ್ಲ. 23ರ ಸಂಜೆ ಕೆಲಸ ಶುರು ಮಾಡಿದೆವು. ಬೆಳಿಗ್ಗೆಯೇ ಪಿಎಚ್ 7.2ಕ್ಕೆ ತಂದಿಟ್ಟಿದ್ದೆ. ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಕಿಟ್‌ನ ಬಣ್ಣ ನಂಬುವ ಹಾಗಿಲ್ಲ, ಅದಕ್ಕೇ ಮುಂಚೆಯೇ. ಲೆಕ್ಕದ ಪ್ರಕಾರ 3 ಪಿಪಿಎಂ ಅಮೋನಿಯಾಕ್ಕೆ ಹತ್ತರಷ್ಟು, ಅಂದರೆ 30 ಪಿಪಿಎಂ. ಲಿಕ್ವಿಡ್ ಕ್ಲೋರಿನ್ 15 ಲೀಟರ್. ಒಟ್ಟಿಗೆ ಸುರಿಯಲಿಲ್ಲ, ಐದೈದು ಲೀಟರ್. ಪಂಪ್ ಓಡುತ್ತಿತ್ತು. ನೀರಿನ ಹತ್ತಿರ ಯಾರೂ ಬರಬಾರದು ಅಂತ ಹೇಳಿದ್ದೆ. ಆದರೂ ಯಜಮಾನರು ಕುರ್ಚಿ ಹಾಕಿಕೊಂಡು ಡೈರಿ ಹಿಡಿದು ಕೂತರು.

ಮೊದಲ 5 ಲೀಟರ್ ಆದ ಮೇಲೆ ಫ್ರೀ 0, ಅಂಟಿಕೊಂಡದ್ದು 11. ಎರಡನೇ 5 ಲೀಟರ್ ಹಾಕಿ ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಫ್ರೀ 0.5, ಅಂಟಿಕೊಂಡದ್ದು 4.5. ದುಪ್ಪಟ್ಟು ಹಾಕಿದ ಮೇಲೆ ಅರ್ಧಕ್ಕೂ ಕಮ್ಮಿ. ಕಣ್ಣೆದುರೇ ದಿಬ್ಬ ಇಳಿಯಿತು. ಮೂರನೆಯದಕ್ಕೆ ಫ್ರೀ 7, ಅಂಟಿಕೊಂಡದ್ದು 1.5. ರಾತ್ರಿ ಹತ್ತೂವರೆ ಆಗಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಆ ನೀರಿನಲ್ಲಿ ಮೊದಲ ಪುಡಿಗೇ ಕಡು ಗುಲಾಬಿ ಬಣ್ಣ ಬಂತು.

ಬೆಳಿಗ್ಗೆ ಐದೂವರೆಗೆ ಅವರೇ ನೋಡಿದರು: ಫ್ರೀ 2.5. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. 4.5 ಪಿಪಿಎಂ ಹೋಗಿದೆ. ಮೊದಲ ರಾತ್ರಿ ಹಾಗಾಗಬಹುದು, ಸತ್ತ ಪಾಚಿ ಇನ್ನೂ ಸುಡುತ್ತಿರುತ್ತದೆ. ಎರಡನೇ ರಾತ್ರಿ 3 ಹೋಯಿತು. ಮೂರನೇ ರಾತ್ರಿಯೂ 3. ನೀರು ಅಷ್ಟರಲ್ಲಿ ತಿಳಿಯಾಗಿತ್ತು, ತಳದ ಟೈಲ್ಸ್ ಗೆರೆ ಕಾಣುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಹುಟ್ಟುವ ಮುಂಚೆ ಒಮ್ಮೆ ಅಳೆದರೆ ವ್ಯತ್ಯಾಸ 1ಕ್ಕಿಂತ ಜಾಸ್ತಿ ಇರಬಾರದು. ಇದ್ದರೆ ಕಣ್ಣಿಗೆ ಕಾಣದ ಕಡೆ ಏನೋ ಜೀವ ಹಿಡಿದು ಕೂತು ತಿನ್ನುತ್ತಿದೆ.

26ರ ಶನಿವಾರ ಹುಡುಕಲು ಇಳಿದೆ. ನೀರೊಳಗಿನ ಲೈಟು ನನ್ನ ಮೊದಲ ಅನುಮಾನ ಯಾವತ್ತೂ. 12 ವೋಲ್ಟ್ ಲೈಟ್ ಆದರೂ ಪಂಪ್ ರೂಮಿನಲ್ಲಿ ಎಂಸಿಬಿ ಇಳಿಸಿ ಕರೆಂಟ್ ತೆಗೆದು, ಇನ್ನೊಮ್ಮೆ ನೋಡಿಕೊಂಡು ಬಂದೆ. ಮೇಲ್ಗಡೆ ಒಂದೇ ಒಂದು ಸ್ಕ್ರೂ. ಬಿಚ್ಚಿ ಎಳೆದರೆ ಒಳಗೆ ಸುತ್ತಿಟ್ಟ ಕೇಬಲ್ ಬಿಚ್ಚಿಕೊಳ್ಳುತ್ತಾ ಲೈಟು ದಂಡೆಯವರೆಗೆ ಬರುತ್ತದೆ. ಅದರ ಬೆನ್ನ ಮೇಲೆ ಹೆಬ್ಬೆರಳು ದಪ್ಪ ಕಪ್ಪು ಹಸಿರು ಲೋಳೆ. ವಾರಗಟ್ಟಲೆ ಬಿಟ್ಟ ಹೂದಾನಿ ನೀರಿನ ವಾಸನೆ. ಗೂಡಿನೊಳಗೆ ಕೈ ಹಾಕಿದರೆ ಗೋಡೆಯೆಲ್ಲ ಜಾರುತ್ತಿತ್ತು. ಲೈಟಿನ ಹಿಂದೆ ನೀರು ಓಡಾಡಲ್ಲ. ಕೊಳದಲ್ಲಿ 7 ಪಿಪಿಎಂ ಇದ್ದರೂ ಅಲ್ಲಿಗೆ ಮುಟ್ಟೋದು ಅಲ್ಪಸ್ವಲ್ಪ. ಲೋಳೆ ಸಾಯಲ್ಲ, ಆದರೆ ಬಂದಷ್ಟು ಕ್ಲೋರಿನ್ ನುಂಗುತ್ತಲೇ ಇರುತ್ತದೆ. ಇಂಥವು ಎರಡು ಲೈಟು.

ದೊಡ್ಡ ಹೊಟ್ಟೆ ಇನ್ನೊಂದಿತ್ತು. ಬ್ಯಾಲೆನ್ಸಿಂಗ್ ಟ್ಯಾಂಕಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ ತಳದಲ್ಲಿ ಹೊಂಗೆ ಎಲೆಯ ಕೆಸರು. ಕೊಳದ ಮೇಲೆ ಟಾರ್ಪಾಲು ಹೊದಿಸಿದ್ದರು, ಓವರ್‌ಫ್ಲೋ ಕಾಲುವೆ ಮಾತ್ರ ಬಾಯಿ ತೆರೆದೇ ಇತ್ತು. ಏಳು ತಿಂಗಳ ಎಲೆ, ಹೂವು, ಮಣ್ಣು ಎಲ್ಲ ಜಾಲರಿ ಸಂದಿಯಿಂದ ಅಲ್ಲಿಗೆ ಇಳಿದಿತ್ತು. ಪಂಪ್ ಪೈಪ್ ತಳದಿಂದ ಸ್ವಲ್ಪ ಮೇಲಿದ್ದದ್ದರಿಂದ ಕೆಸರು ಫಿಲ್ಟರ್‌ಗೆ ಬಂದಿರಲಿಲ್ಲ. ಕೊಳದ ಪ್ರತಿ ಹನಿಯೂ ಈ ಕಷಾಯದ ಮೇಲೆ ಹಾದು ಹೋಗುತ್ತಿತ್ತು. ಮಾಲಿ ಮತ್ತು ನಾನು ಹನ್ನೊಂದು ಬಕೆಟ್ ಎತ್ತಿದೆವು. "ಗಿಡಕ್ಕೆ ಹಾಕಬಹುದಾ ಅಣ್ಣಾ?" ಅಂದ. ಎರಡು ದಿನ ಬಿಸಿಲಿಗೆ ಹರಡಿ ಆಮೇಲೆ ಹಾಕು ಅಂದೆ. ಗೋಡೆ ಉಜ್ಜಿ, ಕಾಲುವೆ ತೊಳೆದು, ಫಿಲ್ಟರ್ ಬ್ಯಾಕ್‌ವಾಶ್ ಮಾಡಿ (ನೀರು ಹಿಮ್ಮುಖ ಹಾಯಿಸಿ ತೊಳೆದು), ಸಂಜೆ ಮತ್ತೆ 7 ಪಿಪಿಎಂಗೆ ಏರಿಸಿದೆ. 27ರ ಬೆಳಿಗ್ಗೆ 6.5. ರಾತ್ರಿಯ ನಷ್ಟ ಅರ್ಧ ಪಿಪಿಎಂ.

ಯಜಮಾನರು ಖುಷಿಯಾಗಿ ಮಗಳಿಗೆ ಫೋನ್ ಮಾಡಿಬಿಟ್ಟರು. ನಾನು ಇನ್ನೂ ಒಂದಿದೆ ಅಂದೆ. ಅವತ್ತು ಭಾನುವಾರ, ಮೋಡ ಚದುರಿ ಒಳ್ಳೆ ಬಿಸಿಲು. ಏಳು ಗಂಟೆಗೆ 6.5 ಇದ್ದದ್ದು ಹತ್ತಕ್ಕೆ 4, ಒಂದಕ್ಕೆ 1, ನಾಲ್ಕಕ್ಕೆ ಸೊನ್ನೆ. ಸ್ಟೆಬಿಲೈಜರ್ ಇಲ್ಲದ ಕೊಳ ಬಿಸಿಲಿಗೆ ಬಿದ್ದರೆ ಹೀಗೇ. ಮಳೆ ದಿನಗಳಲ್ಲಿ ಇದು ಅಷ್ಟಾಗಿ ಕಂಡಿರಲಿಲ್ಲ.

ಸ್ಟೆಬಿಲೈಜರ್ ಹಾಕಬೇಕು ಅಂದಾಗ ಅವರು ಒಪ್ಪಲಿಲ್ಲ. "ಅದರಿಂದಲೇ ಇಷ್ಟೆಲ್ಲ ಆಗಿದ್ದು ಅಂತ ನೀನೇ ಹೇಳಿದೆ." ನ್ಯಾಯವಾದ ಪ್ರಶ್ನೆ. 100 ಜಾಸ್ತಿ, ಅಷ್ಟಿದ್ದರೆ ಕ್ಲೋರಿನ್ ಮಂಕಾಗುತ್ತದೆ. ಸೊನ್ನೆ ಆದರೆ ಬಿಸಿಲು ತಿನ್ನುತ್ತದೆ. 30 ಇದ್ದರೆ ಎರಡೂ ನಡೆಯುತ್ತದೆ. ಅಮೋನಿಯಾ ಆದದ್ದು ಸ್ಟೆಬಿಲೈಜರ್ ಇದ್ದದ್ದರಿಂದ ಮಾತ್ರ ಅಲ್ಲ, ಏಳು ತಿಂಗಳು ಕ್ಲೋರಿನ್ ಇಲ್ಲದೆ ನೀರು ನಿಂತದ್ದರಿಂದ. ಒಂದೂವರೆ ಕೆಜಿ ಪುಡಿ ತೂಗಿ, ಹಳೇ ಕಾಲುಚೀಲಕ್ಕೆ ತುಂಬಿ, ನೀರು ಬರುವ ಬಾಯಿಯ ಎದುರು ದಾರ ಕಟ್ಟಿ ಇಳಿಬಿಟ್ಟೆ. ಅದು ನಿಧಾನಕ್ಕೆ ಕರಗುವ ಪುಡಿ. ನೇರ ಸುರಿದರೆ ತಳದಲ್ಲಿ ಬಿದ್ದಿರುತ್ತದೆ. ಇನ್ನು ಮೇಲೆ ಟ್ಯಾಬ್ಲೆಟ್ ಬೇಡ, ಊರಿಗೆ ಹೋದಾಗ ಮಾತ್ರ ಅಂತ ಒಪ್ಪಂದ ಆಯಿತು.

30ರ ಬೆಳಿಗ್ಗೆ 5 ಇದ್ದದ್ದು ಸಂಜೆ ನಾಲ್ಕಕ್ಕೆ 3.5. ಮರುದಿನ ನರಕ ಚತುರ್ದಶಿ.

ನವೆಂಬರ್ 1ರ ಬೆಳಿಗ್ಗೆ ಫೋನ್. ದನಿಯಲ್ಲಿ ಗಾಬರಿ. "ನಿನ್ನೆ ಬೆಳಿಗ್ಗೆ 4 ಇತ್ತು. ಇವತ್ತು ಅರ್ಧ. ಮತ್ತೆ ಶುರುವಾಯ್ತಾ?"

"ಅಂಟಿಕೊಂಡದ್ದು ಎಷ್ಟಿದೆ ಸಾರ್?"

"ಒಂದು."

"ನಿನ್ನೆ ಎಷ್ಟು ಮಕ್ಕಳು ಇಳಿದಿದ್ರು?"

"ನಮ್ಮವು, ಅಕ್ಕಪಕ್ಕದವು ಸೇರಿ ಹನ್ನೊಂದು."

"ಎಣ್ಣೆ ಸ್ನಾನ ಮುಗಿಸಿ ಇಳಿದ್ರಾ, ಎಣ್ಣೆ ಹಚ್ಕೊಂಡೇ ಹಾರಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಯಾವುದೋ ಮಗು ಕಿರುಚುವುದು, ನೀರು ಚೆಲ್ಲುವುದು ಕೇಳುತ್ತಿತ್ತು. ಎಲ್ಲರನ್ನೂ ಮೇಲೆ ಕರೆಯಿರಿ, ಇವತ್ತು ಯಾರೂ ಇಳಿಯೋದು ಬೇಡ, ಸಂಜೆ ಎರಡು ಲೀಟರ್ ಹಾಕಿ, ನಾಳೆ ಬೆಳಿಗ್ಗೆ ಅಳೆದು ಹೇಳಿ ಅಂದೆ. "ತಡಿ, ಬರ್ಕೋತೀನಿ" ಅಂದರು. ಬರೆದದ್ದನ್ನು ಜೋರಾಗಿ ಓದಿಯೂ ಹೇಳಿದರು: "ಜಮಾ, ಎರಡು ಲೀಟರ್. ಖರ್ಚು, ಹನ್ನೊಂದು ಮಕ್ಕಳು ಮತ್ತು ಹರಳೆಣ್ಣೆ."